ರಬ್ಬರ್ ಒಳಗಿನ ಕಾಯಿಲ್, ಅಮ್ಮನ ಕೈ ಬೆರಳು

ಪ್ರಶ್ನೆ: ಸರ್, ನಾವು ವಿಜಯಪುರ ಕಡೆಯವ್ರು, ನಾನು ಚಾಕಣ್‌ನಾಗ ಕೆಲಸಕ್ಕದೀನಿ. ನಮ್ಮಲ್ಲಿ ವೆಲ್ಡಿಂಗ್ ರೋಬೋಟ್ ಸುತ್ತ ಬೇಲಿ ಐತಿ, ಅದು ನಡದಾಗ ಯಾರೂ ಹತ್ರ ಹೋಗಂಗಿಲ್ಲ. ಆದ್ರ ಮನುಷ್ಯಾರ ಮೈ ಮುಟ್ಟಿ ಕೆಲಸ ಮಾಡೋ ಮೆತ್ತನ ರೋಬೋಟ್ ಬರಾಕತ್ತಾವಂತ, ಗಾಳಿ ಪಂಪ್ ಇಲ್ದ ಬರೇ ಕರೆಂಟ್ ಮ್ಯಾಲ ನಡೀತಾವಂತ, ಅದು ಹೆಂಗ? ನಮ್ಮವ್ವಗ ಲಕ್ವಾ ಹೊಡದು ಬಲಗೈ ಬೆರಳು ಬಿಚ್ಚಾಕ ಬರೂದಿಲ್ಲ, ಪೇಸ್‌ಮೇಕರೂ ಐತಿ. ಅಂಥಾ ಗ್ಲೋವ್ ಹಾಕಬೋದೇನ್ರಿ?
– ಒಬ್ಬ ಓದುಗ, ಪಿಂಪ್ರಿ-ಚಿಂಚವಾಡ

ಉತ್ತರ: ಮೊದ್ಲು ಅಮ್ಮನ ವಿಷಯ. ನೀವು ಕೇಳಿದಂಥ, ಪಂಪ್ ಇಲ್ಲದೆ ಕರೆಂಟ್ ಮೇಲೆ ನಡೆಯೋ ಮೆತ್ತನೆ ರೋಬೋಟ್‌ಗಳಲ್ಲಿ ಒಂದು ಜಾತಿ ಮ್ಯಾಗ್ನೆಟ್ ಮತ್ತು ಕಾಯಿಲ್ (ಸುರುಳಿ ಸುತ್ತಿದ ತಂತಿ) ಮೇಲೆ ನಡೆಯುತ್ತೆ. ಪೇಸ್‌ಮೇಕರ್ ಹತ್ರ ಜೋರಾದ ಮ್ಯಾಗ್ನೆಟ್ ಬಂದ್ರೆ ಅದು ಕೆಲಸ ಮಾಡೋ ರೀತಿನೇ ಬದಲಾಗಬಹುದು, ಮೊಬೈಲನ್ನೇ 15 ಸೆಂಟಿಮೀಟರ್ ದೂರ ಇಡಿ ಅಂತಾರೆ. ಕೈ ಮಡಚಿ ಎದೆ ಮೇಲೆ ಇಟ್ಕೊಂಡು ಮಲಗೋರು ಎಷ್ಟು ಜನ ಇಲ್ಲ, ಹಾಗಾಗಿ ಮ್ಯಾಗ್ನೆಟ್ ಇರೋ ಯಾವ ಗ್ಲೋವನ್ನೂ ಹಾರ್ಟ್ ಡಾಕ್ಟರನ್ನ ಕೇಳದೆ ಹಾಕಬೇಡಿ.

ಇನ್ನು ಅದು ನಡೆಯೋದು ಹೇಗೆ ಅಂದ್ರೆ, ಮ್ಯಾಗ್ನೆಟ್ ಪಕ್ಕದಲ್ಲಿರೋ ಕಾಯಿಲ್‌ಗೆ ಕರೆಂಟ್ ಕೊಟ್ರೆ ಕಾಯಿಲ್ ಜರುಗುತ್ತೆ, ನಿಮ್ಮ ಮೊಬೈಲ್ ಸ್ಪೀಕರ್ ಒಳಗೂ ಇದೇ ನಡೀತಿರೋದು. ಆದ್ರೆ ತಾಮ್ರದ ತಂತಿ ರಬ್ಬರ್ ಥರ ಎಳೆದ್ರೆ ತುಂಡಾಗುತ್ತೆ, ಅದಕ್ಕೇ ಸಿಲಿಕೋನ್ ರಬ್ಬರ್‌ನಲ್ಲಿ ಸಣ್ಣ ಸಣ್ಣ ಕಾಲುವೆ ಮಾಡಿ ಗ್ಯಾಲಿಯಮ್-ಇಂಡಿಯಮ್ ಮಿಶ್ರಲೋಹ ತುಂಬ್ತಾರೆ, ಸುಮಾರು 15.5 ಡಿಗ್ರಿಗೇ ಅದು ಕರಗುತ್ತೆ, ರಬ್ಬರ್ ಹೇಗೆ ಎಳೆದ್ರೂ ಅದೂ ಜೊತೆಗೇ ಹರಿಯುತ್ತೆ. ಮ್ಯಾಗ್ನೆಟನ್ನೂ ಮೆತ್ತಗೆ ಮಾಡಬಹುದು, ನಿಯೋಡೈಮಿಯಮ್ ಮ್ಯಾಗ್ನೆಟ್ ಪುಡಿಯನ್ನ ಸಿಲಿಕೋನ್‌ಗೆ ಕಲಸಿದ್ರೆ ಆಯ್ತು.

ಇದ್ರಲ್ಲಿ ನನಗೆ ತುಂಬ ಇಷ್ಟವಾಗೋದು ವೋಲ್ಟೇಜ್. ಕರೆಂಟ್ ಮೇಲೇ ನಡೆಯೋ ಇನ್ನೊಂದು ಜಾತಿ ಮೆತ್ತನೆ ಕೃತಕ ಸ್ನಾಯುಗಳಿಗೆ ಸಾವಿರಗಟ್ಟಲೆ ವೋಲ್ಟ್ ಬೇಕು, ಇದಕ್ಕೆ ಕೆಲವೇ ವೋಲ್ಟ್ ಸಾಕು, ಮನುಷ್ಯರ ಮೈಗೆ ತಾಗೋ ವಸ್ತುವಿಗೆ ಅದು ದೊಡ್ಡ ಮಾತು. ವೇಗವೂ ಇದೆ: ಆಸ್ಟ್ರಿಯಾದ ಲಿಂಜ್ ಯೂನಿವರ್ಸಿಟಿಯವರು 2022ರಲ್ಲಿ ತೋರಿಸಿದ ಪುಟ್ಟ ರೋಬೋಟ್ ಸೆಕೆಂಡಿಗೆ ತನ್ನ ಮೈಯ 70 ಪಟ್ಟು ಉದ್ದ ಓಡಿತ್ತು.

ಹಾಗಾದ್ರೆ ಗ್ಲೋವ್ ಯಾಕಾಗಲ್ಲ? ಬಿಸಿ. ಈ ಲೋಹದಲ್ಲಿ ಕರೆಂಟ್ ಹರಿಯೋದು ತಾಮ್ರಕ್ಕಿಂತ ಸುಮಾರು 17 ಪಟ್ಟು ಕಷ್ಟ, ಅದ್ರ ಮೇಲೆ ಬಲ ಎರಡು ಪಟ್ಟು ಬೇಕು ಅಂತ ಕರೆಂಟ್ ಎರಡು ಪಟ್ಟು ಮಾಡಿದ್ರೆ ಬಿಸಿ ನಾಲ್ಕು ಪಟ್ಟಾಗುತ್ತೆ, ಸಿಲಿಕೋನ್ ಬೇರೆ ಬಿಸಿನ ಬೇಗ ಹೊರಗೆ ಬಿಡಲ್ಲ. ಲಕ್ವಾ ಆದಮೇಲೆ ಬಿಗಿಯಾದ ಬೆರಳನ್ನ ಬಿಚ್ಚೋಕೆ ಬಲ ಬೇಕು, ಬಿಚ್ಚಿ ಹಿಡಿದಿಡೋವಷ್ಟು ಹೊತ್ತೂ ಕರೆಂಟ್ ಹರೀತಾನೇ ಇರ್ಬೇಕು, ಅದೂ ಸ್ಪರ್ಶ ಸರಿಯಾಗಿ ಗೊತ್ತಾಗದೇ ಇರಬಹುದಾದ ಕೈ ಮೇಲೆ. ಸುಟ್ರೂ ಅಮ್ಮನಿಗೆ ತಿಳಿಯದೇ ಹೋಗಬಹುದು. ಕಂಪನ ಕೊಡೋ ಪಟ್ಟಿ, ಸಣ್ಣ ವಾಲ್ವ್, ಹಗುರ ವಸ್ತು ಎತ್ತೋ ಗ್ರಿಪ್ಪರ್ ಇಂಥವಕ್ಕೆ ಇದು ಹೇಳಿ ಮಾಡಿಸಿದ್ದು ಅನ್ಸುತ್ತೆ, ಬೆರಳು ಬಿಚ್ಚೋ ಕೆಲಸಕ್ಕೆ ಸದ್ಯ ಗಾಳಿ ತುಂಬೋ ಗ್ಲೋವ್, ಕೇಬಲ್ ಎಳೆಯೋ ಗ್ಲೋವ್‌ಗಳೇ ಮುಂದಿವೆ.

ಮೆತ್ತಗಿದ್ದ ಮಾತ್ರಕ್ಕೆ ಸೇಫ್ ಅಂತಲೂ ಅಲ್ಲ. ಮನುಷ್ಯರ ಜೊತೆ ಕೆಲಸ ಮಾಡೋ ರೋಬೋಟ್ ಮೈಯ ಯಾವ ಭಾಗಕ್ಕೆ ಎಷ್ಟು ಒತ್ತಡ ಕೊಡಬಹುದು ಅಂತ 2016ರ ಐಎಸ್‌ಒ/ಟಿಎಸ್ 15066 ಅನ್ನೋ ಅಂತರರಾಷ್ಟ್ರೀಯ ಸುರಕ್ಷತಾ ದಾಖಲೆ ಲೆಕ್ಕ ಹಾಕಿಟ್ಟಿದೆ, ನಿಮ್ಮ ಕಂಪನಿ ಸೇಫ್ಟಿಯವರ ಹತ್ರ ಸಿಗಬಹುದು, ಓದಿ ನೋಡಿ.

ಅಮ್ಮನಿಗೆ ಈಗ ನಡೀತಿರೋ ಫಿಸಿಯೋಥೆರಪಿ ಮಾತ್ರ ನಿಲ್ಲಿಸಬೇಡಿ. ಗಾಳಿ ಗ್ಲೋವ್ ಆಗಬಹುದಾ ಅಂತ ಥೆರಪಿಸ್ಟನ್ನ ಕೇಳಿ, ಅದ್ರ ಪಂಪ್ ಒಳಗಿನ ಮೋಟಾರಲ್ಲೂ ಮ್ಯಾಗ್ನೆಟ್ ಇರೋ ಸಾಧ್ಯತೆ ಇದೆ, ಹಾಗಾಗಿ ಉದ್ದ ಪೈಪ್ ಇದ್ದು ಪಂಪನ್ನ ದೂರದ ಟೇಬಲ್ ಮೇಲೆ ಇಡೋಕಾಗೋ ಥರದ್ದನ್ನೇ ತೋರಿಸಿ ಅನ್ನಿ.