ಬಂಡೆಯ ಮೇಲಿಲ್ಲದ ಹೆಸರು

ಪ್ರಶ್ನೆ: ಮೇಷ್ಟ್ರೇ, ಏಳನೇ ಕ್ಲಾಸಿನ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ದಿದ್ದೆ. ಇದು ಅಶೋಕನ ಶಾಸನ ಅಂದೆ. ‘ಅಶೋಕ ಅಂತ ಎಲ್ಲಿ ಬರ್ದೈತೆ ತೋರ್ಸಿ ಮಿಸ್’ ಅಂದ ಒಬ್ಬ ಹುಡುಗ. ನನಗೆ ಬ್ರಾಹ್ಮಿ ಓದಲು ಬಾರದು. ಹಾಗಾದರೆ ಅದು ಅಶೋಕನದು ಅಂತ ನನಗೆ ಗೊತ್ತಿದೆಯೋ, ಬರೀ ನಂಬಿದ್ದೇನೋ?
– ಒಬ್ಬ ಶಿಕ್ಷಕಿ, ಮೊಳಕಾಲ್ಮೂರು

ಉತ್ತರ: ಗೊತ್ತಿದೆ ತಾಯಿ. ಬ್ರಾಹ್ಮಿ ಕಲಿತಿದ್ದರೂ ನೀವು ತೋರಿಸಲು ಆಗುತ್ತಿರಲಿಲ್ಲ. ಅಲ್ಲಿರುವುದು ‘ದೇವಾನಾಂಪಿಯ’, ಅಶೋಕನ ಹೆಸರಿಲ್ಲ. ಹುಡುಗ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾನೆ.

1837ರಲ್ಲಿ ಬ್ರಾಹ್ಮಿಯನ್ನು ಓದಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್‌ಗೂ ಈ ‘ದೇವರಿಗೆ ಪ್ರಿಯನಾದ’ ದೊರೆ ಯಾರೆಂದು ಮೊದಲು ತಿಳಿಯಲಿಲ್ಲ. ಶಾಸನಗಳಲ್ಲಿ ಅವನಿಗೆ ಪಿಯದಸಿ ಎಂಬ ಹೆಸರೂ ಇತ್ತು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಹಳೆಯ ಪಾಳಿ ಇತಿಹಾಸಗ್ರಂಥ ದೀಪವಂಸ ನೋಡಿ, ಪಿಯದಸಿ ಎಂದರೆ ಅಶೋಕನೇ ಎಂದ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ನಿಮ್ಮ ಬ್ರಹ್ಮಗಿರಿಯ ಬಂಡೆಯನ್ನು ಪತ್ತೆಹಚ್ಚಿದಾಗಲೂ ಶಾಸನಗಳ ದೊರೆ ಅಶೋಕನೆನ್ನಲು ಇಂಥ ಗ್ರಂಥಗಳ ಮಾತೇ ಆಧಾರ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್‌ಗೆ ಸಿಕ್ಕ ಬಂಡೆಯಲ್ಲಿ ಅಶೋಕನ ಹೆಸರೇ ಇತ್ತು. ಗ್ರಂಥದ ಮಾತಿಗೆ ಕಲ್ಲಿನ ಸಾಕ್ಷಿ ದೊರಕಿತು.

ಬಲ್ಲವರ ಮಾತಿಗೆ ನ್ಯಾಯಶಾಸ್ತ್ರದಲ್ಲಿ (ಕೋರ್ಟಿನದಲ್ಲ, ನಮ್ಮ ಹಳೆಯ ತರ್ಕದರ್ಶನ) ‘ಶಬ್ದ’ ಎಂದು ಹೆಸರು. ಪ್ರತ್ಯಕ್ಷ (ಕಣ್ಣಾರೆ ಕಂಡದ್ದು), ಅನುಮಾನ (ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸುವುದು) ಇವುಗಳಂತೆ ಅದೂ ಒಂದು ಪ್ರಮಾಣ, ಅಂದರೆ ತಿಳಿಯುವ ದಾರಿ. ಹೇಳುವವನು ಆಪ್ತನಾಗಿರಬೇಕು, ಅಂದರೆ ವಿಷಯ ಬಲ್ಲವನೂ ಸುಳ್ಳು ಹೇಳದವನೂ ಆಗಿರಬೇಕು, ಅಷ್ಟೇ. ವೈಶೇಷಿಕರೆಂಬ ಇನ್ನೊಂದು ದರ್ಶನದವರೂ ಬೌದ್ಧರೂ ಇದನ್ನು ಅನುಮಾನದೊಳಗೇ ಸೇರಿಸಿದರು. ಚಾರ್ವಾಕರಿಗೆ ಪ್ರತ್ಯಕ್ಷ ಬಿಟ್ಟು ಬೇರೆ ಪ್ರಮಾಣವೇ ಇಲ್ಲ. ಆ ಲೆಕ್ಕದಲ್ಲಿ ನಾನು ಹುಟ್ಟಿದ ದಿನವೂ ನನಗೆ ಗೊತ್ತಿಲ್ಲ. (ಪಿಂಚಣಿ ಕೊಡುವ ಖಜಾನೆಯವರಿಗೆ ಮಾತ್ರ ಗೊತ್ತು!) ದುರ್ಗದಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ಕಾಲದಿಂದಲೂ ನಾನು ನೈಯಾಯಿಕರ, ಅಂದರೆ ಈ ನ್ಯಾಯದರ್ಶನದವರ ಕಡೆ.

ಹಾಗಂತ ‘ದೊಡ್ಡವರು ಹೇಳ್ಯಾರೆ, ಸುಮ್ನಿರು’ ಎಂದು ಹುಡುಗನ ಬಾಯಿ ಮುಚ್ಚಿಸಬೇಡಿ. ದೊಡ್ಡವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದರಿಂದಲೇ ಮಸ್ಕಿಯ ಕಥೆ ಬಂತು.

ಮುಂದಿನ ಸಲ ಅವನಿಗೂ ಒಂದು ಕೆಲಸ ಕೊಡಿ. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದ ಗಾಂಧಾರ ಸೀಮೆಯಲ್ಲಿ. ಚಪಡ ಎಲ್ಲಿಯವನಿರಬಹುದು, ಯಾಕೆ ಹಾಗನ್ನಿಸುತ್ತದೆ ಎಂದು ಹುಡುಗನನ್ನೇ ಕೇಳಿ. ಉತ್ತರ ನನಗೂ ಬರೆದು ಕಳಿಸಲಿ.