ನಿಮಗೆ ತುಂಬಾ ಇಷ್ಟವಾದ ಅನಿಮೆ (ಜಪಾನಿನ ಅನಿಮೇಷನ್) ಮತ್ತು ಮಂಗಾ (ಜಪಾನಿನ ಕಾಮಿಕ್ಸ್) ಯಾವುವು?
ಅನಿಮೆಯಲ್ಲಿ ಒಂದೇ ಹೇಳಿ ಅಂದ್ರೆ ‘ಮೈ ನೇಬರ್ ಟೊಟೊರೊ’. ಹಯಾವೊ ಮಿಯಾಝಾಕಿ 1988ರಲ್ಲಿ ಮಾಡಿದ ಸಿನಿಮಾ. ಕಥೆ ಅಂತ ಜಾಸ್ತಿ ಏನೂ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿ, ಅಕ್ಕ ತಂಗಿ ಅಪ್ಪನ ಜೊತೆ ಹಳ್ಳಿ ಮನೆಗೆ ಬರುತ್ತಾರೆ, ಅಷ್ಟೇ.

ಆದರೆ ಆ ಬಸ್ ಸ್ಟಾಪಿನ ದೃಶ್ಯ ನೋಡಿ. ಕತ್ತಲು, ಮಳೆ. ನಿದ್ದೆ ಹೋದ ತಂಗಿಯನ್ನು ಬೆನ್ನ ಮೇಲೆ ಹೊತ್ತು ಅಕ್ಕ ಅಪ್ಪನಿಗೆ ಕಾಯುತ್ತಿದ್ದಾಳೆ. ತಲೆ ಮೇಲೊಂದು ಎಲೆ ಇಟ್ಟುಕೊಂಡು ಟೊಟೊರೊ ಅನ್ನೋ ಕಾಡಿನ ದೊಡ್ಡ ಪ್ರಾಣಿ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಪಾಪ ಅಂತ ಇವಳು ಅಪ್ಪನ ಕೊಡೆ ಕೊಡುತ್ತಾಳೆ. ಕೊಡೆ ಮೇಲೆ ಹನಿ ಟಪ್ ಟಪ್ ಅಂದಿದ್ದೇ ತಡ, ಅದಕ್ಕೆ ಖುಷಿಯೋ ಖುಷಿ. ಧೊಪ್ಪನೆ ಎಗರಿ ಮರದ ನೀರನ್ನೆಲ್ಲ ಉದುರಿಸಿಬಿಡುತ್ತದೆ! ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ.

ಮಂಗಾದಲ್ಲಿ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’. ಸತ್ತ ಅಮ್ಮನನ್ನು ಬದುಕಿಸಲು ಹೋಗಿ ಅಣ್ಣ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ, ತಮ್ಮ ಇಡೀ ದೇಹವನ್ನೇ. 27 ಸಂಪುಟಕ್ಕೆ ಮುಗಿಯುತ್ತದೆ, ಎಳೆದಾಟವಿಲ್ಲ. ಬರೆದ ಹಿರೊಮು ಅರಕಾವಾ ಜಪಾನಿನ ಹೊಕ್ಕೈಡೊದ ಹೈನುಗಾರರ ಮನೆಯವರು. ತಮ್ಮನ್ನು ತಾವೇ ಹಸುವಾಗಿ ಬಿಡಿಸಿಕೊಳ್ಳೋದು ಅದಕ್ಕೇ!

‘ಒನ್ ಪೀಸ್’ ಅನಿಮೆ ಯಾಕಿಲ್ಲ ಅಂತೀರಾ? ಸಾವಿರ ಎಪಿಸೋಡ್ ದಾಟಿದೆ. ನನಗೆ ಅಷ್ಟು ತಾಳ್ಮೆ ಇಲ್ಲ ಮಾರಾಯ್ರೆ.