ಇನ್ನು ಅರ್ಧ ಗಂಟೆ

ಡಿಸೆಂಬರ್ ಬಂತೆಂದರೆ ಇಂಥವರು ಒಬ್ಬರಾದರೂ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬರುತ್ತಾರೆ. ಕೆಲಸದ ಮೇಲೆ ಬೆಂಗಳೂರು-ದೆಹಲಿ ಓಡಾಡುವವರು, ಅಲ್ಲಿನ ಮಂಜಿಗೆ ಸಿಕ್ಕಿ ಗೇಟಿನ ಮುಂದೆ ತಾಳ್ಮೆ ಕಳೆದುಕೊಂಡವರು. ಅವರಲ್ಲಿ ಒಬ್ಬರ ಕತೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು, ಮಾರಾಟದ ಕೆಲಸ. ದೆಹಲಿಯಿಂದ ಸಂಜೆ 7ಕ್ಕೆ ಹೊರಡಬೇಕಿದ್ದ ವಿಮಾನ ರಾತ್ರಿ 12ಕ್ಕೆ ಹೊರಟಿತ್ತು. ಅಷ್ಟರಲ್ಲಿ ಇವರು ಕೌಂಟರಿನ ಹುಡುಗಿ ಅಳುವ ಹಾಗೆ ಬೈದಿದ್ದರು. ಮಾರನೆಯ ದಿನ ನಾಚಿಕೆಯಾಗಿ ಹೆಂಡತಿಗೆ ಹೇಳಿಕೊಂಡರು, ಅವರೇ ನನ್ನ ನಂಬರ್ ಕೊಟ್ಟದ್ದು.

ಮೊದಲ ಎರಡು ಭೇಟಿಯಲ್ಲಿ ಬರೀ ವಿಮಾನದ ಮಾತು. ಮೂರನೆಯ ಸಲ ಕೇಳಿದೆ, "ಐದು ಗಂಟೆ ಕಾಯೋದು ಅಷ್ಟು ಕಷ್ಟ ಆಯ್ತಾ?"

"ಕಾಯೋದಲ್ಲ ಮೇಡಂ. ಐದು ಗಂಟೆ ಅಂತ ಮೊದಲೇ ಹೇಳಿದ್ರೆ ಎಲ್ಲೋ ಬಿದ್ಕೊಂಡು ನಿದ್ದೆ ಮಾಡ್ತಿದ್ದೆ. ಇನ್ನು ಅರ್ಧ ಗಂಟೆ, ಇನ್ನು ಅರ್ಧ ಗಂಟೆ ಅಂತ ಕೂರಿಸಿಬಿಟ್ರು."

"ಆಗ ಮನೆಗೆ ಏನು ಹೇಳ್ತಿದ್ರಿ?"

ಸುಮ್ನೆ ಕೇಳಿದ್ದು, ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ. ಅವರು ಫೋನ್ ತೆಗೆದು ಆ ರಾತ್ರಿಯ ಮೆಸೇಜುಗಳನ್ನು ಓದತೊಡಗಿದರು. ಇನ್ನು ಅರ್ಧ ಗಂಟೆ. ಇನ್ನೇನು ಬೋರ್ಡಿಂಗ್. ಇನ್ನರ್ಧ ಗಂಟೆ ಅಷ್ಟೆ. ಓದುತ್ತಾ ದನಿ ಸಣ್ಣದಾಯಿತು. ಆಮೇಲೆ ನಾನು ಹೇಳದಿದ್ದರೂ ಅವರೇ ಹಿಂದಿನ ತಿಂಗಳುಗಳಿಗೆ ಹೋದರು, ವಿಮಾನ ಹತ್ತದ ದಿನಗಳಿಗೆ, ಬರೀ ಆಫೀಸಿನಿಂದ ಮನೆಗೆ ಬರಬೇಕಿದ್ದ ಸಂಜೆಗಳಿಗೆ. ಅಲ್ಲೂ ಅದೇ ಅರ್ಧ ಗಂಟೆ. ಫೋನ್ ಕೆಳಗಿಟ್ಟು, "ಮಗಳು ಈಗ ಊಟಕ್ಕೆ ನನ್ನ ಕಾಯೋದೇ ಇಲ್ಲ" ಎಂದರು.

ನನ್ನ ಸಲಹೆ ಬಹಳ ಸಣ್ಣದು. ಮನೆಗೆ ಹೇಳುವಾಗ ಎಷ್ಟು ಬೇಗ ಬರಬಹುದು ಎಂದು ಹೇಳಬೇಡಿ, ಎಷ್ಟು ತಡವಾಗಬಹುದು ಎಂದು ಹೇಳಿ. ಒಂದೇ ಸಲ ಹೇಳಿ. ಉಸಿರಾಟದ ಅಭ್ಯಾಸ ಯಾಕೆ ಕಲಿಸಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಲಿಸಬಹುದಿತ್ತು. ಆದರೆ ಸುಳ್ಳು ಹೇಳಿ ಕೂರಿಸಿದ್ದಕ್ಕೆ ಬಂದ ಸಿಟ್ಟಿನಲ್ಲಿ ನ್ಯಾಯವಿತ್ತು, ಅದನ್ನು ಉಸಿರು ಬಿಟ್ಟು ಕಳಿಸಿಬಿಡುವುದು ನನಗೆ ಇಷ್ಟವಿರಲಿಲ್ಲ. ಆ ಸಿಟ್ಟು ಹೋಗಿ ಬಿದ್ದ ಜಾಗ ಮಾತ್ರ ತಪ್ಪು.

ಕೌಂಟರಿನ ಹುಡುಗಿಗೆ ಗೊತ್ತಿರುವುದು ಅವಳ ಪರದೆಯಲ್ಲಿ ಕಾಣುವಷ್ಟೇ. ದಟ್ಟ ಮಂಜಿನಲ್ಲಿ ಇಳಿಯಲು ವಿಮಾನದಲ್ಲಿ ಅದಕ್ಕೆ ತಕ್ಕ ಉಪಕರಣ ಇರಬೇಕು, ಪೈಲಟ್‌ಗಳಿಗೂ ತರಬೇತಿ ಆಗಿರಬೇಕು. ಬರಬೇಕಾದ ವಿಮಾನ ಬೇರೆ ಊರಲ್ಲಿ ಸಿಕ್ಕಿಕೊಳ್ಳುತ್ತದೆ, ಪೈಲಟ್‌ಗಳ ಡ್ಯೂಟಿ ಗಂಟೆಗಳು ಮುಗಿದುಹೋಗುತ್ತವೆ. ಹಾಗಾಗಿ "ಎಷ್ಟೊತ್ತಿಗೆ ಹೊರಡುತ್ತೆ" ಎಂದು ಕೇಳಿ ಪ್ರಯೋಜನ ಕಡಿಮೆ. "ನಮ್ಮ ವಿಮಾನ ಈಗ ಎಲ್ಲಿದೆ" ಎಂದು ಕೇಳಿ. ಅದಿನ್ನೂ ಲಕ್ನೋ ಬಿಟ್ಟಿಲ್ಲವೆಂದರೆ ಲೆಕ್ಕ ನೀವೇ ಹಾಕಬಹುದು, ಅಲ್ವಾ? ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮವನ್ನೂ ಓದಿಟ್ಟುಕೊಳ್ಳಿ. ದೆಹಲಿ-ಬೆಂಗಳೂರಿನಷ್ಟು ದೂರಕ್ಕೆ 3 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ ತಿಂಡಿ ಕೊಡಬೇಕು, 6 ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಮಂಜಿಗೆ ಪರಿಹಾರದ ದುಡ್ಡು ಸಿಗುವುದಿಲ್ಲ, ಕೂಗಾಡಿದರೂ ಸಿಗುವುದಿಲ್ಲ. ಮತ್ತೆ ದಯವಿಟ್ಟು ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಕೊನೆಯ ವಿಮಾನ ಬುಕ್ ಮಾಡಬೇಡಿ.

ಜನವರಿಯಲ್ಲಿ ಅವರು ಮತ್ತೆ ಬಂದರು. ಮಂಜು ಕಂಡೊಡನೆ "ನಾಳೆ ಬೆಳಗ್ಗೆ ಬರ್ತೀನಿ" ಎಂದು ಮನೆಗೆ ಹೇಳಿ, ಅದೃಷ್ಟಕ್ಕೆ ಅದೇ ರಾತ್ರಿ ಹನ್ನೊಂದಕ್ಕೆ ಬಂದಿಳಿದಿದ್ದರಂತೆ. ಮನೆಯವರು ಒಳಗಿಂದ ಚಿಲಕ ಹಾಕಿ ಮಲಗಿಬಿಟ್ಟಿದ್ದರು. ಇಪ್ಪತ್ತು ನಿಮಿಷ ಬೆಲ್ ಒತ್ತಿದ ಮೇಲೆ ಬಾಗಿಲು ತೆಗೆದ ಹೆಂಡತಿ, "ಬೇಗ ಬರೋದಾದ್ರೂ ಹೇಳಬಾರ್ದಾ?" ಎಂದು ಬೈದರಂತೆ.